ಎತ್ತರಕ್ಕೆ ಬಂದ ಚೆಂಡು

ಹಾಲಿಸ್ ಬೆಂಡ್, ಮಿಸಿಸಿಪ್ಪಿ
ಮಂಗಳವಾರ, ೧೫ ಸೆಪ್ಟೆಂಬರ್ ೨೦೦೯

ಪ್ರೀತಿಯ ಅಣ್ಣ ರಾಯ್ಸ್‌ಗೆ,

'ಪ್ರೀತಿಯ' ಎಂದು ಬರೆದದ್ದು ಅಮ್ಮ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು ಎಂಬ ಒಂದೇ ಕಾರಣಕ್ಕೆ. ಈಗ ಒಲೆಯ ಮೇಲಿನ ಸೊಪ್ಪು ನೋಡಲು ಒಳಗೆ ಹೋದಳು, ಇನ್ನು ಮನಸ್ಸಿಗೆ ಬಂದದ್ದು ಬರೆಯಬಹುದು. ಹೇಗಿದ್ದೀಯ? ಆರೋಗ್ಯವೇ? ನದಿಯ ಸರಕು ದೋಣಿಯ ಮೇಲೆ ಹಗ್ಗ ಎಳೆದೆಳೆದು ನಿನ್ನ ಬಲಭುಜ ಹಾಳಾಗಿದೆ, ರಾತ್ರಿ ಆ ಕಡೆ ಮಗ್ಗುಲಾಗಿ ಮಲಗುವುದಕ್ಕೂ ಆಗುವುದಿಲ್ಲ ಎಂದು ಅಮ್ಮ ಹೇಳಿದಳು. ಒಂದು ಕಾಲದಲ್ಲಿ ಆ ಭುಜವನ್ನು ನೋಡಲೆಂದೇ ಮೂರು ಜಿಲ್ಲೆಯಿಂದ ಜನ ಬರುತ್ತಿದ್ದರು. ಪಾಪ ಎನ್ನಬೇಕು ಅನ್ನಿಸಿತು, ಬಾಯಿಗೆ ಬರಲಿಲ್ಲ. ಅಮ್ಮನ ಮಂಡಿ ಮೊದಲಿನ ಹಾಗೇ ಇದೆ. ಮೀನಿನ ಕಾರ್ಖಾನೆ ಬಿಟ್ಟು ಆರು ವರ್ಷವಾದರೂ ಕೈಯಿಂದ ಕ್ಯಾಟ್‌ಫಿಶ್ ವಾಸನೆ ಹೋಗಿಲ್ಲ ಎಂದು ಈಗಲೂ ನಿಂಬೆಹಣ್ಣು ಉಜ್ಜಿಕೊಳ್ಳುತ್ತಾಳೆ. ನನ್ನ ಬೆರಳುಗಳದ್ದು ಕೇಳಬೇಡ. ಹತ್ತರಲ್ಲಿ ಆರು ಸೊಟ್ಟ. ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯಬೇಕು. ಈ ಅಕ್ಷರ ಕೋಳಿ ಕೆದಕಿದ ಹಾಗಿರುವುದೂ ಅದಕ್ಕೇ.

ವಿಷಯ ಇಷ್ಟು. ಇಪ್ಪತ್ತೈದನೇ ತಾರೀಕು ಶುಕ್ರವಾರ ನಮ್ಮ ಶಾಲೆಯಲ್ಲಿ ನನ್ನ ಎಂಬತ್ತನಾಲ್ಕನೇ ನಂಬರಿನ ಅಮೆರಿಕನ್ ಫುಟ್‌ಬಾಲ್ ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೋಡೆಗೆ ತೂಗುಹಾಕುತ್ತಾರೆ. ಇನ್ನು ಮುಂದೆ ಆ ನಂಬರ್ ಬೇರೆ ಯಾರಿಗೂ ಇಲ್ಲ. ಪಂದ್ಯದ ಅರ್ಧವಿರಾಮದಲ್ಲಿ ನೀನು ಬಂದು ಒಂದು ಚೆಂಡು ಎಸೆಯಬೇಕಂತೆ, ನಾನು ಹಿಡಿಯಬೇಕಂತೆ. ಪತ್ರಿಕೆಯವರಿಗೆ ಒಳ್ಳೆಯ ಫೋಟೋ ಎಂದು ಹೆಡ್‌ಮಾಸ್ಟರಿಗೆ ಆಸೆ. ಸಾಧ್ಯವಿಲ್ಲ ಎಂದೆ. ಅದು ಹೇಗೋ ಅಮ್ಮನ ಕಿವಿಗೆ ಬಿತ್ತು. "ನಿಮ್ಮಣ್ಣನ್ನ ನಿನ್ನ ಕೈಯಾರೆ ಕಾಗ್ದ ಬರ್ದು ಕರಿ. ಇಲ್ದಿದ್ರೆ ನನ್ನ ಊಟದ ಮೇಜಿನ ಹತ್ರ ಸುಳೀಬೇಡ," ಅಂದಳು. ಮೂವತ್ತಾರು ವರ್ಷದ ಗಂಡಸಿಗೆ! ಟೀವಿಯಲ್ಲಿ ನನ್ನ ಹೆಸರು ಹೇಳುವಾಗ ದನಿ ಏರಿಸುತ್ತಿದ್ದವರು ಅವಳ ಅಡುಗೆಮನೆಯಲ್ಲಿ ನನ್ನ ಮರ್ಯಾದೆ ನೋಡಬೇಕಿತ್ತು. ಸರಿ, ಕರೆಯುತ್ತಿದ್ದೇನೆ. ಆದರೆ ಕಾಗದ ಪೂರ್ತಿ ಓದು. ಓದಿದ ಮೇಲೆ ನೀನು ಬರುವುದಿಲ್ಲ. ಬರಬಾರದು ಎಂದೇ ಬರೆಯುತ್ತಿದ್ದೇನೆ.

ಮರೆತವನ ಹಾಗೆ ನಟಿಸಬೇಡ. ೧೯೯೦ರ ಸೆಪ್ಟೆಂಬರ್. ನಿನ್ನದು ಹನ್ನೆರಡನೇ ತರಗತಿ, ನನ್ನದು ಹನ್ನೊಂದು. ನೀನು ಕ್ವಾರ್ಟರ್‌ಬ್ಯಾಕ್, ಎಸೆಯುವವನು. ನಾನು ರಿಸೀವರ್, ಓಡಿಹೋಗಿ ಹಿಡಿಯುವವನು. ಒಂದು ಭಾನುವಾರ ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಅಮ್ಮ ಹಿಂದಿನ ದಿನ ಬಂದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ದೊಡ್ಡ ವಿಶ್ವವಿದ್ಯಾಲಯದ ಮುದ್ರೆ. ನಿನಗೇ ಇರಬೇಕೆಂದು ನೀನೇ ಕೈಚಾಚಿ ತೆಗೆದುಕೊಂಡೆ. ಅದರ ಮೇಲಿದ್ದದ್ದು ನನ್ನ ಹೆಸರು. ಗಟ್ಟಿಯಾಗಿ ಓದಿ, ಮಡಚಿ ನನ್ನ ತಟ್ಟೆಯ ಪಕ್ಕ ಇಟ್ಟು, "ಇನ್ಮೇಲೆ ಮನೆಯವರೆಲ್ಲ ಈ ದೊರೆ ಶೂ ಒರೆಸ್ಬೇಕು ನೋಡಿ," ಅಂದೆ. ಅಮ್ಮ ನಕ್ಕಳು. ನಾನೂ ನಕ್ಕೆ. ಐದು ದಿನ ಕಳೆದು ಶುಕ್ರವಾರದ ಪಂದ್ಯದಲ್ಲಿ ನನ್ನನ್ನು ಮೈದಾನದ ನಟ್ಟನಡುವಿಗೆ ಓಡಿಸಿದೆ. ನಾನು ತಿರುಗುವ ಹೊತ್ತಿಗೆ ಚೆಂಡು ಆಗಲೇ ಗಾಳಿಯಲ್ಲಿತ್ತು, ತಲೆಗಿಂತ ಮೂರಡಿ ಎತ್ತರದಲ್ಲಿ. ನಡುವಿಗೆ ಓಡಿದವನಿಗೆ ಎತ್ತರದ ಚೆಂಡು ಎಸೆಯುವುದೆಂದರೆ ಏನು ಎಂದು ನಮ್ಮೂರಲ್ಲಿ ಆರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಎರಡು ಕೈ ಮೇಲೆತ್ತಿ ಹಾರಬೇಕು, ಆಗ ಪಕ್ಕೆ ಎರಡೂ ತೆರೆದುಕೊಳ್ಳುತ್ತವೆ, ಎದುರಿನಿಂದ ಬರುವವನಿಗೆ ಅಷ್ಟೇ ಬೇಕಾಗಿರುತ್ತದೆ. ಅವನು ಬಂದ. ಮೂರು ಪಕ್ಕೆಲುಬು ಮುರಿದು ಒಂದು ಶ್ವಾಸಕೋಶಕ್ಕೆ ಚುಚ್ಚಿತು. ಒಂಬತ್ತು ದಿನ ಆಸ್ಪತ್ರೆ, ಏಳು ವಾರ ಮನೆ. ನೀನು ಮಂಚದ ಪಕ್ಕ ಬಂದು ನಿಂತು ಹೇಳಿದ್ದು ಒಂದೇ ಮಾತು: "ನಂದೇ ಕಣೋ ಅದು." ಅಷ್ಟೇ ಹೇಳಿ ಟೋಪಿ ಸರಿಮಾಡಿಕೊಂಡು ಹೋದೆ. ಉಸಿರೆಳೆದರೆ ಜೀವ ಹೋಗುವಂಥ ನೋವಿನಲ್ಲಿ ಮಲಗಿ ಆ ಮಾತನ್ನು ನೂರು ಸಲ ಜಗಿದೆ. ಮಾಡಿದ್ದೂ ಅಲ್ಲದೆ ಮುಖಕ್ಕೆ ಬಂದು ಹೇಳಿ ಹೋಗುತ್ತಾನಲ್ಲ, ಎಷ್ಟು ಸೊಕ್ಕು ಇವನಿಗೆ ಎಂದುಕೊಂಡೆ. ಯಾರೊಡನೆಯೂ ಅದರ ಮಾತೆತ್ತಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಒಳಗೇ ಇಟ್ಟುಕೊಂಡು ಬೇಯಿಸಿದೆ.

ಈಗ ಸರಿಯಾಗಿ ಕೂತುಕೋ. ಹತ್ತೊಂಬತ್ತು ವರ್ಷದಿಂದ ನಿನಗೆ ಹೇಳಬೇಕೆಂದು ಕಾದದ್ದು ಇದು. ಡಿಸೆಂಬರಿನಲ್ಲಿ ಜಾಕ್ಸನ್‌ನಲ್ಲಿ ರಾಜ್ಯದ ಫೈನಲ್. ನಾಲ್ಕು ಅಂಕ ಹಿಂದಿದ್ದೆವು, ಒಂದು ನಿಮಿಷವೂ ಉಳಿದಿರಲಿಲ್ಲ. ನಿನ್ನನ್ನೇ ನೋಡಲೆಂದು ಬಂದ ವಿಶ್ವವಿದ್ಯಾಲಯದ ಮನುಷ್ಯ ಗೆರೆಯ ಪಕ್ಕದಲ್ಲೇ ಕಡತ ಹಿಡಿದು ನಿಂತಿದ್ದ. ಕೋಚ್ ಬ್ಲೇಲಾಕ್ 'ಬಾಗಿಲು' ಎಂದು ಕೂಗಿದರು. ನಮ್ಮಿಬ್ಬರ ಆಟ ಅದು. ಹದಿನೈದು ಗಜ ಓಡುವುದು. ನನ್ನನ್ನು ಕಾಯುವ ಎದುರಾಳಿಗಳು ಹಿಂದೆ ಸರಿದು ಜಾಗ ಬಿಟ್ಟಿದ್ದರೆ ನಾನು ಗಕ್ಕನೆ ನಿಂತು ತಿರುಗುವುದು. ಮೈಗೆ ಅಂಟಿಕೊಂಡು ಬಂದಿದ್ದರೆ ನಿಲ್ಲದೆ ಓಡುವುದು. ನೋಡುವವರು ಇಬ್ಬರೂ, ಮಾತಾಡುವವರು ಯಾರೂ ಇಲ್ಲ. ನಾನು ತಿರುಗುವ ಮುಂಚೆಯೇ ನೀನು ಚೆಂಡು ಬಿಟ್ಟಿರುತ್ತೀಯ, ನಾನು ಅಲ್ಲಿ ಇರುತ್ತೇನೆ ಎಂಬ ಒಂದೇ ನಂಬಿಕೆಯ ಮೇಲೆ. ಅವತ್ತು ಅವರು ಹಿಂದೆ ಸರಿದು ನಿಂತಿದ್ದರು, ರಾಯ್ಸ್. ಬಾಗಿಲು ಹಾರುಹೊಡೆದಿತ್ತು. ನಾನು ನೋಡಿದೆ, ನಿಲ್ಲಬೇಕು ಎಂದು ನನಗೆ ಗೊತ್ತಿತ್ತು. ನಿಲ್ಲಲಿಲ್ಲ. ಓಡುತ್ತಲೇ ಇದ್ದೆ. ನಿನ್ನ ಚೆಂಡು ನಾನು ಇರಬೇಕಾದ ಜಾಗಕ್ಕೆ ಗೆರೆ ಎಳೆದ ಹಾಗೆ ಬಂತು, ಅಲ್ಲಿ ನಾನಿರಲಿಲ್ಲ. ಅವರ ಹುಡುಗ ಎರಡು ಹೆಜ್ಜೆ ಮುಂದೆ ಬಂದು ಎದೆಗೆ ಅಪ್ಪಿಕೊಂಡ. ನಮ್ಮ ಕಡೆಯ ಜನರೆಲ್ಲ ಎದ್ದು ನಿಂತು, "ಯಾರಿಗೆ ಎಸೆದ್ನಪ್ಪಾ ಇವ್ನು! ಕಣ್ಣು ಕಾಣ್ಸಲ್ವಾ?" ಎಂದು ಕಿರುಚಿದರು. ಕಡತದವನು ಕಡತ ಮುಚ್ಚಿ ಕಾರಿನ ಕಡೆ ನಡೆದ. ನೀನು ನನ್ನತ್ತ ನೋಡಿದೆ, ನಾನು ನನಗೇನು ಗೊತ್ತು ಎಂಬಂತೆ ಭುಜ ಕುಣಿಸಿದೆ. ಹೊಟ್ಟೆ ತಣ್ಣಗಾಯಿತು.

ಅದಕ್ಕಿಂತ ತಣ್ಣಗಾದದ್ದು ಬಸ್ಸಿನಲ್ಲಿ. ಕೋಚ್ ಎದ್ದು ನಿಂತು, "ತಪ್ಪಾಗಿ ನೋಡಿದ್ದು ಯಾರ್ರೋ?" ಅಂದರು. ನೀನು ಕಿಟಕಿಯಾಚೆ ನೋಡುತ್ತಲೇ, "ನಂದೇ," ಅಂದೆ. ಅಯ್ಯೋ ಪೆದ್ದೇ! ಬಾಯಿಬಿಡುವ ಕೆಲಸವನ್ನೂ ನನಗೆ ಉಳಿಸಲಿಲ್ಲ. ಆಮೇಲಿನದು ಊರಿಗೇ ಗೊತ್ತು. ನಿನಗೆ ಯಾವ ಕಾಗದವೂ ಬರಲಿಲ್ಲ. ಅಮ್ಮನ ಪಕ್ಕದ ಮೇಜಿನಲ್ಲಿ ನಿಂತು ಮೀನಿನ ಚರ್ಮ ಸುಲಿದೆ. ಕ್ಷೌರದಂಗಡಿಗೆ ಹೋದರೆ, "ಬಂದ ನೋಡಪ್ಪ ಜಾಕ್ಸನ್ ವೀರ, ಟವೆಲ್ ಕೊಡಬೇಡ್ರೋ, ಬೇರೆಯವರಿಗೆ ಎಸೀತಾನೆ," ಎನ್ನುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲಿ ನಿಂತರೂ ಅದೇ. ನಾಲ್ಕು ವರ್ಷ ಕೇಳಿಸಿಕೊಂಡು ಒಂದು ಬೆಳಗ್ಗೆ ಅಮ್ಮನಿಗೂ ಹೇಳದೆ ನದಿ ಹಿಡಿದು ಹೋದೆ. ನಿನ್ನನ್ನು ಊರು ಬಿಡಿಸಿದವನು ನಾನು. ತಿಳಿದುಕೋ.

ನನ್ನದು ಹೇಗೆ ನಡೆಯಿತು ಎಂದೂ ಕೇಳು, ದೋಣಿಯ ಟೀವಿಯಲ್ಲಿ ಅರ್ಧಂಬರ್ಧ ನೋಡಿರುತ್ತೀಯ. ಕಾಲೇಜು ಮುಗಿಸಿ ಸಂಬಳಕ್ಕೆ ಆಡುವ ದೊಡ್ಡ ಲೀಗಿಗೆ ಹೋದ ಮೊದಲ ವರ್ಷ ಆಗಸ್ಟಿನಲ್ಲಿ ಬಾಗಿಲು ತಟ್ಟಿ, "ಕೋಚ್ ಕರೀತಾರೆ, ಆಟದ ಪುಸ್ತಕಾನೂ ತಗೊಂಡು ಬಾ," ಎಂದರು. ಪುಸ್ತಕ ತರಲು ಹೇಳಿದರೆ ಮನೆಗೆ ಕಳಿಸುತ್ತಾರೆ ಎಂದೇ ಅರ್ಥ. ಎರಡು ಸಲ ಹಾಗೆ ಪುಸ್ತಕ ಒಪ್ಪಿಸಿ ಬಂದೆ. ಮೂರನೆಯ ತಂಡದವರು ಕೇಳಿದ್ದು ಒಂದೇ: "ನಡುವಿಗೆ ಓಡ್ತೀಯಾ?" ನನಗಿಂತ ವೇಗದವರು ಸಾಲಾಗಿ ನಿಂತಿದ್ದರು, ಎಲ್ಲರಿಗೂ ಅಂಚಿನಲ್ಲೇ ಓಡುವ ಆಸೆ. ನಡುವಿಗೆ ಹೋದರೆ ಪಕ್ಕೆ ಮುರಿಯುತ್ತದೆ ಎಂಬ ಭಯ ಅವರಿಗೆ. ನನಗೆ ಆಗಲೇ ಮುರಿದಿತ್ತಲ್ಲ! ಹನ್ನೊಂದು ವರ್ಷ ನಡುವಿಗೆ ಓಡಿದೆ. ಐನೂರ ಹದಿನೆಂಟು ಚೆಂಡು ಹಿಡಿದೆ. ಹಿಮದಲ್ಲಿ ಬೆರಳು ಸೆಟೆದುಕೊಂಡಾಗಲೂ ಹಿಡಿದೆ, ಬಾಯಲ್ಲಿ ರಕ್ತ ತುಂಬಿಕೊಂಡು ಹಿಡಿದೆ. ಗೆರೆ ದಾಟಿ ಅಂಕ ಗಳಿಸಿದಾಗಲೆಲ್ಲ ಕ್ಯಾಮೆರಾ ಕಡೆ ಎರಡು ಬೆರಳು ತೋರಿಸುತ್ತಿದ್ದೆ, ನೆನಪಿದೆಯಾ? ದೇವರಿಗೆ ಎಂದು ಪತ್ರಿಕೆಯವರು ಬರೆದರು, ತನಗೆ ಎಂದು ಅಮ್ಮ ನಂಬಿದಳು. ಅದು ನಿನಗೆ, ರಾಯ್ಸ್. ನೋಡು, ನೀನು ಮುರಿದದ್ದು ಎಲ್ಲಿ ಬಂದು ನಿಂತಿದೆ ನೋಡು ಎಂದು. ಪ್ರತಿ ಸಲವೂ ನೀನು ಅದನ್ನು ನೋಡಿ ಉರಿದುಕೊಳ್ಳಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಂದೇ ಕೊರತೆ ಇತ್ತು. ನಿನ್ನನ್ನು ಕೆಡವಿದ ಕೈ ಯಾರದೆಂದು ನಿನಗೆ ಗೊತ್ತಿರಲಿಲ್ಲ. ಹೊಡೆಸಿಕೊಂಡವನಿಗೇ ಗೊತ್ತಿಲ್ಲದ ಸೇಡು ಎಂಥ ಸೇಡು? ಅದಕ್ಕೇ ಈ ಕಾಗದ.

ಇನ್ನೂ ಒಂದಿದೆ. ಶುಕ್ರವಾರ ಮೈದಾನದಲ್ಲಿ ದೊಡ್ಡ ಪರದೆ ಕಟ್ಟಿ ಹಳೆಯ ಆಟದ ತುಣುಕು ತೋರಿಸುತ್ತಾರೆ, ಆರಿಸುವ ಕೆಲಸ ನನ್ನದು. ಕೋಚ್ ತೀರಿಕೊಂಡದ್ದು ನಿನಗೆ ಗೊತ್ತಲ್ಲ. ಅವರ ಹೆಂಡತಿ ವೆರ್ನಾ ಮನೆ ಖಾಲಿ ಮಾಡುತ್ತ ತೊಂಬತ್ತರ ಟೇಪುಗಳ ಪೆಟ್ಟಿಗೆಯನ್ನು ನೆನ್ನೆ ತಂದು ಕೊಟ್ಟರು. ಜಾಕ್ಸನ್‌ನ ಆ ಎಸೆತವನ್ನು ಪರದೆಯ ಮೇಲೆ ಹಾಕಿಸುತ್ತೇನೆ. ನಿನ್ನನ್ನು ಮರೆತವರಿಗೂ ಮತ್ತೆ ನೆನಪಾಗಲಿ. ಊಟ ಮಾಡಿ ಕೂತು ಟೇಪು ನೋಡಿ ತುಣುಕು ಗುರುತು ಹಾಕುತ್ತೇನೆ, ನಾಳೆ ಬೆಳಗ್ಗೆ ಈ ಕಾಗದವನ್ನು ಅಂಚೆಗೆ ಹಾಕುತ್ತೇನೆ. ಅಮ್ಮ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ಭುಜಕ್ಕೆ ಬಿಸಿ ಎಣ್ಣೆ ಹಚ್ಚಬೇಕಂತೆ. ನನ್ನ ಕಡೆಯಿಂದ ಹೇಳುವಂಥದ್ದು ಏನೂ ಇಲ್ಲ.

ನಿನ್ನ ತಮ್ಮ,
ಲೆವಾನ್ ಟಾಲಿವರ್

ಬರೆಯಲು ಬಿಟ್ಟದ್ದು: ಬುಧವಾರ ಬೆಳಗ್ಗೆ, ಅಂಚೆಯವನು ಬರುವುದರೊಳಗೆ ಬರೆಯುತ್ತಿದ್ದೇನೆ. ಜಾಕ್ಸನ್‌ದು ಹುಡುಕುತ್ತ ಸೆಪ್ಟೆಂಬರಿನ ಟೇಪು ಹಾಕಿಬಿಟ್ಟೆ. ನನ್ನ ಪಕ್ಕೆ ಮುರಿದ ಪಂದ್ಯ. ಅದನ್ನು ನಾನು ಯಾವತ್ತೂ ನೋಡಿರಲಿಲ್ಲ, ಸೋಮವಾರ ತಂಡದವರೆಲ್ಲ ಕೂತು ನೋಡಿದಾಗ ನಾನು ಆಸ್ಪತ್ರೆಯಲ್ಲಿದ್ದೆ. ನೀನು ಎಸೆಯುವ ಗಳಿಗೆಯಲ್ಲಿ ಎದುರು ತಂಡದ ಐವತ್ತೆರಡನೇ ನಂಬರಿನವನು ಹಿಂದಿನಿಂದ ಬಂದು ನಿನ್ನ ಮೊಣಕೈಗೆ ಹೊಡೆದಿದ್ದಾನೆ. ಹನ್ನೊಂದು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಕೈ ಹಾರಿ ಚೆಂಡು ಮೇಲಕ್ಕೆ ಹೋಗಿದೆ. ನಿನ್ನ ತಪ್ಪೇ ಇಲ್ಲ. ತಂಡದವರೆಲ್ಲ ನೋಡಿದ್ದರು, ನನಗೂ ಗೊತ್ತಿದೆ ಎಂದುಕೊಂಡಿದ್ದರು. ಕೈಬಿಟ್ಟ ಚೆಂಡು ಎಸೆದವನದು, ತಪ್ಪನ್ನು ಬೇರೆ ಯಾರ ಮೇಲೂ ಹಾಕಕೂಡದು ಎಂದು ಕೋಚ್ ಎಸೆಯುವವರಿಗೆಲ್ಲ ಕಲಿಸಿದ್ದರಲ್ಲ; ಅದಕ್ಕೇ 'ನಂದೇ' ಅಂದೆಯಾ? ಒಂದು ಮಾತು ಹೆಚ್ಚಿಗೆ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ, ದರಿದ್ರದವನೇ!

ಡಿಸೆಂಬರಿನದನ್ನೂ ನೋಡಿದೆ. ಕೊನೆಯ ಪಂದ್ಯದ ಟೇಪನ್ನು ಯಾರೂ ನೋಡುವುದಿಲ್ಲ, ಅದರ ಮುದ್ರೆ ಕೂಡ ಒಡೆದಿರಲಿಲ್ಲ. ಚೆಂಡು ಹೋದ ಮೇಲೆ ನೀನು ಚೆಂಡನ್ನು ನೋಡುತ್ತಿಲ್ಲ, ಅದನ್ನು ಹಿಡಿದವನನ್ನೂ ನೋಡುತ್ತಿಲ್ಲ. ನನ್ನನ್ನೇ ನೋಡುತ್ತಿದ್ದೀಯ. ನಿನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಬಸ್ಸಿನಲ್ಲಿ ಹಾಗಂದೆ.

ಕಾಗದ ಹರಿದುಹಾಕಬೇಕೆಂದಿದ್ದೆ. ಹರಿದರೆ ನಾನು ಏನು ಮಾಡಿದೆ ಎಂಬುದು ನನ್ನ ಬಾಯಿಂದ ನಿನಗೆ ತಲುಪುವುದಿಲ್ಲ, ಅದಕ್ಕೆ ಹಾಗೇ ಕಳಿಸುತ್ತಿದ್ದೇನೆ. ಶುಕ್ರವಾರ ಪರದೆಯ ಮೇಲೆ ಎರಡೇ ತುಣುಕು: ನಿನ್ನ ಮೊಣಕೈ, ನನ್ನ ಓಟ. ಮೈಕಿನಲ್ಲಿ ನಾನೇ ಹೇಳುತ್ತೇನೆ, ನೀನು ಬಂದರೂ ಸರಿ, ಬಾರದಿದ್ದರೂ ಸರಿ. ಆಮೇಲೆ ಆ ಅಂಗಿಯನ್ನು ಗೋಡೆಗೆ ಹಾಕುತ್ತಾರೋ ಅದರಿಂದ ನೆಲ ಒರೆಸುತ್ತಾರೋ ಅವರಿಷ್ಟ. ಅಮ್ಮನಿಗೆ ಈಗಷ್ಟೇ ಹೇಳಿದೆ. ನನ್ನ ತಟ್ಟೆ ಎತ್ತಿ ಒಳಗಿಟ್ಟಳು, ನೀನು ಬರುವವರೆಗೆ ತೆಗೆಯುವುದಿಲ್ಲವಂತೆ. ಬಾ ಅಣ್ಣಾ. ಭುಜ ಏಳುವಷ್ಟು ಎತ್ತರಕ್ಕೆ ಎಸೆ. ಎರಡು ಕೈ ಮೇಲೆತ್ತಿ ಹಾರುತ್ತೇನೆ. ಆ ಐವತ್ತೆರಡರವನನ್ನಲ್ಲ, ಅವತ್ತು ನನ್ನ ಪಕ್ಕೆಗೆ ಬಂದು ಗುದ್ದಿದವನನ್ನು ಬೇಕಿದ್ದರೆ ಜೊತೆಗೇ ಕರೆದುಕೊಂಡು ಬಾ, ಇನ್ನೊಂದು ಸಲ ಗುದ್ದಲಿ.