ಅರ್ಧ ಹಲಗೆ

ರಾಜಾಜಿನಗರ, ಬೆಂಗಳೂರು
೧೮–೮–೧೯೫೭, ಭಾನುವಾರ

ಪ್ರೀತಿಯ ಅಣ್ಣಯ್ಯಾ,

ಮದರಾಸಿನ ಸೆಕೆ ನಿನ್ನ ಮೈಗೆ ಒಗ್ಗಿತೇ? ಬೆನ್ನಿನ ಬೆವರುಗುಳ್ಳೆ ಇಳಿಯಿತೇ? ವರ್ತಕರ ಸಮ್ಮೇಳನದ ಊಟ ಬರೀ ಖಾರ ಎಂದು ಬರೆದಿದ್ದೆ. ಮಜ್ಜಿಗೆ ಜಾಸ್ತಿ ಕುಡಿ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಆದರೂ ಕೋಳಿ ಕೂಗುವ ಹೊತ್ತಿಗೆ ಹೆಗ್ಗನಹಳ್ಳಿ ತೋಟದಿಂದ ಸೊಪ್ಪು ಹೊತ್ತು ತಂದು, ನಿನ್ನ ದಿನಸಿ ಅಂಗಡಿಯ ಮುಂದೆ ಗೋಣಿ ಹಾಸಿ ಕೂರುತ್ತಾಳೆ. 'ಅಧ್ಯಕ್ಷರ ತಾಯಿ ಬೀದೀಲಿ ಕೂತ್ರೆ ಚೆನ್ನಾಗಿರಲ್ಲ ಕಣಮ್ಮ' ಎಂದು ನೀನು ಹೇಳಿ ಹೋದದ್ದನ್ನು ಕಿವಿಗೆ ಹಾಕಿಕೊಂಡಿಲ್ಲ. ನೀನು ಹೋದ ಮೇಲೆ ಅಂಗಡಿಯಲ್ಲಿ ನಾನು ಕೂತೆ. ಕ್ಷೇಮದ ಮಾತು ಇಲ್ಲಿಗೆ ಮುಗಿಯಿತು.

ಹೂವಿನ ಅಕ್ಕಯ್ಯಮ್ಮ ಶುಕ್ರವಾರ ಬೆಳಿಗ್ಗೆ ತೀರಿಕೊಂಡಳು. ಹಿಂದಿನ ದಿನವಷ್ಟೇ ಸ್ವಾತಂತ್ರ್ಯ ದಿನಾಚರಣೆಗೆ ಸಂಘದ ಬಾವುಟದೊಳಗೆ ಕಟ್ಟಲು ಸೇವಂತಿಗೆ ಬಿಡಿಸಿ ಕೊಟ್ಟು, ಹಗ್ಗದ ಆಚೆ ನಿಂತು ವಂದನೆ ಮಾಡಿದ್ದಳು. ಹಗ್ಗದ ಈಚೆ ಕುರ್ಚಿಗಳು, ಕುರ್ಚಿಗಳ ಮೇಲೆ ನಿನ್ನ ಹೊಸ ಸದಸ್ಯರು.

ಸಂಘ ಹುಟ್ಟಿದ್ದು ಎಲ್ಲಿ ಎಂದು ಅಲ್ಲಿನ ದೊಡ್ಡ ಮನುಷ್ಯರಿಗೆ ಹೇಳಿದೆಯಾ? ಹೇಳಿರಲಾರೆ. ಆಗ ಈ ಬೀದಿಯಲ್ಲಿ ಬೆರಳಲ್ಲಿ ಎಣಿಸುವಷ್ಟು ಅಂಗಡಿ. ನಲ್ಲಿ ಇಲ್ಲ, ದೀಪ ಇಲ್ಲ, ಬಸ್ಸು ನಿಲ್ಲುತ್ತಿರಲಿಲ್ಲ. ವರ್ತಕರೆಲ್ಲ ಸೇರಿ ಒಂದು ಸಂಘ ಕಟ್ಟೋಣ ಎಂದು ನೀನು ಬಾಗಿಲು ಬಾಗಿಲಿಗೆ ಹೋದಾಗ ಜವಳಿ ಅಂಗಡಿಯ ಕರಿಬಸಪ್ಪ ತಲೆ ಎತ್ತಿಯೂ ನೋಡಲಿಲ್ಲ. ಹೊಂಗೆ ಮರದಡಿಯ ಮೊದಲ ಸಭೆಗೆ ಬಂದವರು ಬುಟ್ಟಿ ಇಟ್ಟುಕೊಂಡು ಕೂರುವ ಹೆಂಗಸರು. ಅವರನ್ನೆಲ್ಲ ಕರೆತಂದವಳು ಅಕ್ಕಯ್ಯಮ್ಮ. 'ಲೋ ನಂಜುಂಡ, ಓದಿದೋನು ನೀನು, ಅಧ್ಯಕ್ಷ ಆಗು. ಆಮೇಲೆ ನಮ್ಮನ್ನ ಕಂಡು ಮುಖ ತಿರುಗಿಸಿದ್ಯೋ, ಹೂವಿನ ಬುಟ್ಟಿ ತಲೆ ಮೇಲೆ ಮಗುಚ್ತೀನಿ' ಎಂದಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನೀನೇ. ಎಂಜಿನಿಯರನ ಜೀಪಿನ ಮುಂದೆ ಅವಳು ಅಂಗಾತ ಮಲಗಿದ್ದಕ್ಕೆ ಬೀದಿಗೆ ನಲ್ಲಿ ಬಂತು. ಆ ನೀರನ್ನು ಕರಿಬಸಪ್ಪನೂ ಕುಡಿದ.

ಹುಟ್ಟಿಸುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಎಂದು ನೀನೇ ಹೇಳುತ್ತಿದ್ದೆ. ಎರಡನೆಯ ವರ್ಷ ಅಂಗಡಿಯವರು ಪದವಿಗಾಗಿ ಕಿತ್ತಾಡಿ ಸಭೆಗೆ ಬರುವುದನ್ನೇ ಬಿಟ್ಟರು. ಇಷ್ಟು ಜನ ಸೇರದಿದ್ದರೆ ಸಭೆ ಸಭೆಯಲ್ಲ ಎಂಬ ನಿಯಮವಿತ್ತಲ್ಲ, ಆ ಲೆಕ್ಕ ತುಂಬಿಸಿದವರು ಯಾರು? ಪ್ರತಿ ಮಂಗಳವಾರ ವ್ಯಾಪಾರ ಬಿಟ್ಟು ಬಂದು ಜಮಖಾನದ ಮೇಲೆ ಕೂತು, ನಿನ್ನ ಭಾಷಣಕ್ಕೆ ತೂಕಡಿಸುತ್ತಾ, ಕೈ ಎತ್ತು ಅಂದಾಗ ಎತ್ತಿದ ಆ ಹೆಂಗಸರು. ಅವರು ಏಳದೇ ಕೂತದ್ದಕ್ಕೆ ನಿನ್ನ ಸಂಘ ಬದುಕಿತು.

ಸೈಕಲ್ ಅಂಗಡಿ ಮರಿಯಪ್ಪ ಸತ್ತಾಗ ನೀನು ಒಂದು ಪದ್ಧತಿ ತಂದೆ. ಸದಸ್ಯರ ಹೆಣ ಬೀದಿ ದಾಟುವವರೆಗೂ ಪ್ರತಿ ಅಂಗಡಿಗೂ ಬಾಗಿಲಿಗೆ ಒಂದೊಂದಾಗಿ ಜೋಡಿಸುವ ಹಲಗೆಗಳಲ್ಲಿ ಅರ್ಧ ಹಾಕಿರಬೇಕು. ಹಲಗೆ ಇಲ್ಲದ ಹೆಂಗಸರು ಬುಟ್ಟಿಯ ಮೇಲೆ ಒದ್ದೆ ಗೋಣಿ ಮುಚ್ಚಿದರು. 'ನಾನು ಸತ್ರೂ ಇಷ್ಟು ಅಂಗಡಿ ತಲೆ ಬಾಗಿಸ್ತಾವೇನೇ ಗಂಗಾ?' ಎಂದು ಅಕ್ಕಯ್ಯಮ್ಮ ನನ್ನನ್ನು ಕೇಳಿದ್ದಳು. ಆಣೆ ಮಾಡಿ ಹೌದು ಅಂದಿದ್ದೆ, ಅಣ್ಣಯ್ಯಾ.

ಈ ಯುಗಾದಿ ಆದ ಮೇಲೆ ಸಂಘ ಚೇಂಬರ್ ಆಫ್ ಕಾಮರ್ಸ್ ಆಯಿತು. ನಗರದ ದೊಡ್ಡ ಚೇಂಬರಿನವರು ಒಪ್ಪಬೇಕಾದರೆ ಬಾಗಿಲುಳ್ಳ ಅಂಗಡಿಯವರು ಮಾತ್ರ ಸದಸ್ಯರಾಗಿರಬೇಕು ಎಂದು ನೀನು ನಿಯಮ ಬರೆಸಿದೆ. 'ಈಗಿನ ಮಟ್ಟಿಗೆ ಕಣಮ್ಮ, ಆಮೇಲೆ ಸರಿ ಮಾಡ್ತೀನಿ' ಎಂದೆ. ಅಮ್ಮ ನಂಬಿದಳು. ಹೆತ್ತವಳು, ನಂಬದೆ ಏನು ಮಾಡಿಯಾಳು!

ಶುಕ್ರವಾರ ನಾನು ಈಗ ನಿನ್ನ ಕಾರ್ಯದರ್ಶಿಯಾಗಿರುವ ಕರಿಬಸಪ್ಪನ ಬಳಿಗೆ ಓಡಿದೆ. 'ಆಯಮ್ಮ ಸದಸ್ಯೆ ಅಲ್ವಲ್ಲಮ್ಮ. ಬೇಕಾದ್ರೆ ಅಧ್ಯಕ್ಷರನ್ನೇ ಕೇಳಣ' ಎಂದು ನನ್ನೆದುರೇ ನಿನಗೆ ಟ್ರಂಕ್ ಕಾಲ್ ಮಾಡಿದ. ನಿನ್ನ ದನಿ ನನಗೆ ಕೇಳಿಸಲಿಲ್ಲ. ಅವನದು ಕೇಳಿಸಿತು: 'ಆಯ್ತು ಸಾರ್. ಹಾಕ್ಸೋದಿಲ್ಲ ಸಾರ್. ಒಬ್ಬರಿಗೆ ಮಾಡಿದ್ರೆ ಎಲ್ಲರಿಗೂ ಮಾಡಬೇಕಾಗ್ತದೆ, ನಿಜ ಸಾರ್.'

ಗಿರಣಿ ಮುಷ್ಕರದಲ್ಲಿ ಬಾವುಟ ಹಿಡಿದು, ಕೂತವರೂ ನಿಂತವರೂ ಒಂದೇ ಎಂದು ಕೂಗಿದ ಗಂಟಲು ಅದೇನಾ? ಆ ಮೆರವಣಿಗೆಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವನು ನೀನೇನಾ? ಬಾಗಿಲಿಲ್ಲದವರ ಬೆನ್ನ ಮೇಲೆ ಹತ್ತಿ ಒಳಗೆ ಹೋದೆ, ಹೋದವನೇ ಬಾಗಿಲು ಹಾಕಿಕೊಂಡೆ.

ಚಟ್ಟ ಬರುವಾಗ ನಾನೊಬ್ಬಳೇ ನಮ್ಮ ಅಂಗಡಿಗೆ ಅರ್ಧ ಹಲಗೆ ಹಾಕಿದೆ. ಕರಿಬಸಪ್ಪ ಆಳು ಕರೆತಂದು, 'ಅಧ್ಯಕ್ಷರ ಅಂಗಡೀಲೇ ನಿಯಮ ಮುರಿದ್ರೆ ಹೆಂಗಮ್ಮ' ಎನ್ನುತ್ತಾ ಒಂದೊಂದಾಗಿ ತೆಗೆಸಿದ. ಹೆಣ ನಮ್ಮ ಮುಂದೆಯೇ ಹೋಯಿತು. ಬೀದಿಯ ಎಲ್ಲ ಅಂಗಡಿಯೂ ಬಾಯಿ ತೆರೆದುಕೊಂಡಿತ್ತು. ಹೆಂಗಸರು ಮಾತ್ರ ಗೋಣಿ ಮುಚ್ಚಿ ನಿಂತಿದ್ದರು. ಅಮ್ಮ ಅಳಲಿಲ್ಲ. ಕಿತ್ತು ಒರಗಿಸಿದ್ದ ಹಲಗೆಗಳನ್ನೇ ನೋಡುತ್ತಿದ್ದಳು.

ನಿನಗೆ ಆಶೀರ್ವಾದ ಬರೆಯಲೇ ಎಂದು ಈಗ ಕೇಳಿದೆ. 'ಮೈ ಹುಷಾರಾಗಿ ನೋಡ್ಕೊಳ್ಳಕ್ಕೆ ಹೇಳು' ಎಂದಳು.

ಇನ್ನೂ ನಿನ್ನ ತಂಗಿಯೇ ಆಗಿರುವ,
ಗಂಗಲಕ್ಷ್ಮಮ್ಮ

ವಿ.ಸೂ.: ಟಪಾಲು ಹೊರಡುವ ಹೊತ್ತಾಯಿತು, ಮುಖ್ಯ ಸಂಗತಿ ಬರೆಯುತ್ತೇನೆ. ಅಂಗಡಿಯ ಸಾಮಾನನ್ನೆಲ್ಲ ಮನೆಗೆ ಸಾಗಿಸಿದ್ದೇವೆ. ನಿನ್ನೆ ಅಮ್ಮ ನಿನ್ನ ಬಾಗಿಲ ಹಲಗೆಗಳನ್ನು ಹೊರಗೆ ತಂದು ಹೆಂಗಸರಿಗೆ ತಲೆಗೊಂದರಂತೆ ಹಂಚಿದಳು. ಒಂದನ್ನು ತನ್ನ ಸೊಪ್ಪಿನ ಬುಟ್ಟಿಯ ಹಿಂದೆ ನೆಟ್ಟುಕೊಂಡಳು. ಮಂಗಳವಾರ ಅವರೆಲ್ಲ ಹಲಗೆ ಹೊತ್ತು ಸಭೆಗೆ ಬರುತ್ತಾರೆ. ಈಗ ಅವರಿಗೂ ಬಾಗಿಲಿದೆ. ನಿನ್ನ ಅಂಗಡಿಗೆ ಇಲ್ಲ. ಬಾಗಿಲಿಲ್ಲದವರನ್ನು ಏನು ಮಾಡಬೇಕೆಂದು ನೀನೇ ಬರೆಸಿದ್ದೀಯ. ಬರುವುದಾದರೆ ಬಾ, ಜಮಖಾನ ಹಾಸಿರುತ್ತೇನೆ.