ಕಲ್ಲಿನ ಮೇಲೆ ನಿಂತ ಗಾಲಿಮನೆ

ಮಾಳಮಡ್ಡಿ, ಧಾರವಾಡ
ಮಂಗಳವಾರ, 13 ಫೆಬ್ರುವರಿ 1962

ಪ್ರೀತಿಯ ಅವ್ವನಿಗೆ ನಿನ್ನ ದೀನಾಳ ನಮಸ್ಕಾರ. ಬೆಟಗೇರಿಯಲ್ಲಿ ಮಾವ, ಅತ್ತಿ, ಬಾಣಂತಿ, ಕೂಸು ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ.

ಇಂದು ಮುಂಜಾನೆ ಅಪ್ಪ ಚಹಾ ಸೋಸುವ ಜರಡಿ ಹುಡುಕಿದರು. ಅದು ಪಡಸಾಲೆಯಲ್ಲಿ ಪೆಟ್ರೋಲ್ ಡಬ್ಬಿಯ ಬಾಯಿಯ ಮೇಲೆ ಕೂತಿತ್ತು. ತೆಗೆದು ಮೂಸಿ ನೋಡಿ, ಮತ್ತೆ ಅಲ್ಲೇ ಇಟ್ಟರು. ಸೋಸದ ಚಹಾ ಕುಡಿಯುತ್ತ, ಮೀಸೆಗೆ ಹತ್ತಿದ ಪುಡಿಯನ್ನು ಬೆರಳಿನಿಂದ ತೆಗೆದು ಬಸಿಯ ಅಂಚಿಗೆ ಒರೆಸುತ್ತ ಕೂತರು. ನೀನಿದ್ದರೆ ಓಣಿಗೆಲ್ಲ ಕೇಳುವಂತೆ ಗದ್ದಲ ಮಾಡುತ್ತಿದ್ದರು. ನನ್ನ ಮುಂದೆ ಒಂದು ಮಾತೂ ಆಡಲಿಲ್ಲ. ಗದ್ದಲ ಮಾಡಲಿಕ್ಕೂ ಅವರಿಗೆ ನೀನೇ ಬೇಕು.

ಈ ಪತ್ರವನ್ನು ನಾನಾಗಿ ಬರೆಯಲು ಕೂತಿಲ್ಲ. ನಿನ್ನೆ ಸಂಜೆ ಅಪ್ಪ ಬರೆಯಲು ಹೇಳಿದರು. ‘ಕನ್ನಡಾ ತಗೊಂಡು ಬಿ.ಎ. ಮಾಡೀಯಲ್ಲ, ನಿಮ್ಮವ್ವ ಹೂಂ ಅನ್ನೂಹಂಗ ಬರಿ’ ಎಂದರು. ಅವರು ಹೇಳಿದ್ದು ಇಷ್ಟು: ಹಿಂಡಿ ವ್ಯಾಪಾರದ ಶಾಂತಯ್ಯನಿಗೆ ರಸ್ತೆಯ ಪಕ್ಕ ಒಂದು ಅಂಗಡಿ ಬೇಕಾಗಿದೆ. ನಮ್ಮ ಅಂಗಳದ ಗಾಲಿಮನೆಯ ಮೇಲಿನ ಮರದ ಪೆಟ್ಟಿಗೆ ಅವನಿಗೆ ಅಳತೆ ತೆಗೆದು ಮಾಡಿಸಿದಂತಿದೆ. ಗಾಲಿ ಇಲ್ಲದಿದ್ದರೂ ನಡೆಯುತ್ತದೆ, ಲಾರಿಯಲ್ಲಿ ಹೇರಿಕೊಂಡು ಹೋಗುತ್ತಾನೆ. ಅಂಗಳ ಖುಲ್ಲಾ ಆಗುತ್ತದೆ. ಆದರೆ ಲಿಲಾವಿನಲ್ಲಿ ಬೆಲೆ ಕೂಗಿದವಳು ನೀನು, ಆದ್ದರಿಂದ ಅದು ನಿನ್ನದು. ನೀನು ಹೂಂ ಎನ್ನದೆ ಅದರ ಒಂದು ಹಲಗೆಯನ್ನೂ ಅವರು ಮುಟ್ಟುವುದಿಲ್ಲವಂತೆ. ಗಾಲಿಗಳು ಹಲಗೆಯ ಲೆಕ್ಕಕ್ಕೆ ಬರುವುದಿಲ್ಲವೆಂದು ತೋರುತ್ತದೆ. ನಿನ್ನ ಉತ್ತರ ಶನಿವಾರದೊಳಗೆ ಬರಬೇಕೆಂದು ಎರಡು ಸಲ ಹೇಳಿದರು. ಅವಸರ ಯಾಕೆಂದು ಮುಂದೆ ಬರೆಯುತ್ತೇನೆ.

ಅಪ್ಪನ ಮಾತು ಇಲ್ಲಿಗೆ ಮುಗಿಯಿತು. ಇನ್ನು ನನ್ನದು.

ಚರ್ಚಿನ ಸುಗ್ಗಿ ಹಬ್ಬದ ಆ ಲಿಲಾವಿನ ದಿನ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ನಮ್ಮ ಸಭೆಯವರ ರೀತಿ ನಿನಗೆ ಗೊತ್ತೇ ಇದೆ. ಒಬ್ಬರು ಅರ್ಪಿಸಿದ ಕುಂಬಳಕಾಯಿಗೆ ಯಾರೂ ಕೂಗದಿದ್ದರೆ ತಂದವರಿಗೆ ಅವಮಾನ. ಅದಕ್ಕೇ ಬೇಡದವರೂ ಒಮ್ಮೆ ಕೈ ಎತ್ತುತ್ತಾರೆ, ಮುಂದೆ ಇನ್ನೊಬ್ಬರು ಕೂಗಿ ತಮ್ಮನ್ನು ಬಿಡಿಸುತ್ತಾರೆಂಬ ಧೈರ್ಯದ ಮೇಲೆ. ಮಿಶನ್ ದವಾಖಾನೆಯ ಡಾಕ್ಟರಬಾಯಿ ತಮ್ಮ ದೇಶಕ್ಕೆ ಹೋದ ಮೇಲೆ ಮಿಶನ್ ಶೆಡ್ಡಿನಲ್ಲಿ ಉಳಿದಿದ್ದ ಅವರ ಹಳೆಯ ಆಸ್ಟಿನ್ ಮೋಟಾರನ್ನು ಅಪ್ಪ ಬೇಕೆಂದೇ ಕೂಗಿ ತೆಗೆದುಕೊಂಡರು. ಅದರ ಹಿಂದೆ ಕಟ್ಟಿ ಹಳ್ಳಿಗೆ ಒಯ್ಯುತ್ತಿದ್ದ ಗಾಲಿಮನೆಯನ್ನು ಕೇಳುವವರಿರಲಿಲ್ಲ. ನೀನು ಕೈ ಎತ್ತಿದೆ. ಮುಂದೆ ಯಾರೂ ಕೂಗಲಿಲ್ಲ. ಎಲ್ಲರೂ ನಕ್ಕರು. ‘ಮರ್ಯಾದಿಗೆ ಕೈ ಎತ್ತಿ ಮನಿನ ಹೊತಗೊಂಡು ಬಂದ್ಲು’ ಎಂದು ಅಪ್ಪ ಬಂದವರಿಗೆಲ್ಲ ಹೇಳಿದರು. ನೀನೂ ಅವರ ಜೊತೆ ನಗುತ್ತಿದ್ದೆ.

ಆದರೆ ಮರ್ಯಾದೆಗೆ ಕೈ ಎತ್ತುವವರು ಎತ್ತಿದ ಕೂಡಲೇ ಹಿಂದೆ ತಿರುಗಿ ನೋಡುತ್ತಾರೆ ಅವ್ವ, ಮುಂದಿನವರು ಯಾರೆಂದು. ನೀನು ತಿರುಗಲಿಲ್ಲ. ಮೂರನೆಯ ಸಲ ಕೂಗಿ ಮುಗಿಯುವವರೆಗೂ ನಿನ್ನ ಕೈ ಇಳಿಯಲಿಲ್ಲ. ಅದನ್ನು ನೋಡಿದವಳು ನಾನೊಬ್ಬಳೇ ಇರಬೇಕು. ನಾನು ಯಾರಿಗೂ ಹೇಳಲಿಲ್ಲ.

ಆಮೇಲೆ ನಮ್ಮ ಅಂಗಳ ಎರಡು ಕಾರಖಾನೆಯಾಯಿತು. ಬೇವಿನ ಗಿಡದ ಈಚೆ ಮೋಟಾರು, ಆಚೆ ಗಾಲಿಮನೆ. ಇಷ್ಟು ವರ್ಷ ಸಾಲಿಯಲ್ಲಿ ಗಣಿತ ಕಲಿಸಿ ಪೆನ್ಶನ್ ತೆಗೆದುಕೊಂಡ ಅಪ್ಪ ಪುಸ್ತಕ ತೆರೆದಿಟ್ಟುಕೊಂಡು ಇಂಜಿನ್ನು ಬಿಚ್ಚಿದರು; ನೀನು ಮೊಳಕಾಲೂರಿ ಹಳೆಯ ಬಣ್ಣ ಕೆರೆದೆ. ಇದ್ದದ್ದು ಒಂದೇ ಪಾನಾ, ಒಂದೇ ಸ್ಕ್ರೂ ಡ್ರೈವರ್, ಒಂದೇ ಸೀಮೆಎಣ್ಣೆ ಡಬ್ಬಿ, ಮತ್ತು ಒಬ್ಬಳೇ ನಾನು. ಈ ಕಡೆಯಿಂದ ‘ದೀನಾ, ಕಂದೀಲ ಹಿಡಿ’, ಆ ಕಡೆಯಿಂದ ‘ದೀನಾ, ಮೊಳಿ ತಾ’. ಇಂಜಿನ್ನಿನ ನಟ್ಟುಗಳು ಉಪ್ಪಿನಕಾಯಿ ಭರಣಿಯಲ್ಲಿ, ನಿನ್ನ ಕದದ ಕೀಲುಗಳು ಅಪ್ಪನ ಹ್ಯಾಟಿನಲ್ಲಿ. ಆ ದಿನಗಳಲ್ಲಿ ನಾನು ಓದುತ್ತಿದ್ದ ಪುಸ್ತಕಗಳಿಗೆಲ್ಲ ಗ್ರೀಸಿನ ವಾಸನೆ ಇದೆ. ನನಗೆ ಅದು ಬೇಸರವಾಗಿರಲಿಲ್ಲ.

ಬೇಸರವಾದದ್ದು ಗಾಲಿಯ ದಿನ. ದಾರಿಯಲ್ಲಿ ಒಂದು ಕೆಟ್ಟರೆ ಇನ್ನೊಂದು ಬರಲೆಂದು ಡಾಕ್ಟರಬಾಯಿ ಎರಡಕ್ಕೂ ಒಂದೇ ಅಳತೆಯ ಗಾಲಿ ಹಾಕಿಸಿದ್ದರು. ಮೋಟಾರಿನ ಎರಡು ಗಾಲಿ ತುಕ್ಕು ತಿಂದು ಹೋಗಿದ್ದವು. ಆ ಅಳತೆಯವು ಈಗ ಎಲ್ಲೂ ಸಿಗುವುದಿಲ್ಲವೆಂದು, ಆದಿತ್ಯವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಬರುವ ಮೆಕ್ಯಾನಿಕ್ ಗೌಸಮೊದ್ದೀನ ಕಾಕಾ ಹೇಳಿಬಿಟ್ಟಿದ್ದರು. ನೀನು ಹೆಂಗಸರ ಕೂಟಕ್ಕೆ ಹೋದ ಹೊತ್ತು ನೋಡಿ ಅಪ್ಪ ಗಾಲಿಮನೆಯ ಎರಡೂ ಗಾಲಿ ಬಿಚ್ಚಿ ಮೋಟಾರಿಗೆ ಹಾಕಿದರು. ನೀನು ಬಂದು, ಕಲ್ಲುಗಳ ಮೇಲೆ ನಿಂತ ಗಾಲಿಮನೆಯನ್ನು ನೋಡಿದೆ. ಕೈಕಾಲು ತೊಳೆದುಕೊಂಡು ರೊಟ್ಟಿ ಬಡಿದೆ, ಬಡಿಸಿದೆ. ಮರುದಿನ ಮುಂಜಾನೆ ಮಾವನ ಸೊಸೆಯ ಬಾಣಂತನವೆಂದು ಬೆಟಗೇರಿಯ ರೈಲು ಹತ್ತಿದೆ. ಬಾಣಂತಿಯ ಸ್ವಂತ ತಾಯಿ ಅಲ್ಲಿ ಮೊದಲೇ ಬಂದಿದ್ದಾಳೆಂದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

ನೀನು ಹೋದ ಮೇಲೆ ಹಾಲು ಹಾಕುವ ಉಡಚವ್ವ ಒಂದು ಮುಂಜಾನೆ ಚರಿಗೆ ಇಳಿಸಿ ಗಾಲಿಮನೆಯನ್ನೇ ನೋಡುತ್ತ ನಿಂತಳು. ‘ಈ ಖಿಡಕ್ಯಾಗ ನಿಮ್ಮವ್ವ ನಿಂತು ನನ್ನ ಕಣ್ಣಿಗೆ ಔಷಧ ಹಾಕಿದ್ಲು. ಆವಾಗ ನಾ ಇಷ್ಟಿದ್ದೆ’ ಎಂದು ಸೊಂಟದ ಮಟ್ಟಕ್ಕೆ ಕೈ ತೋರಿಸಿದಳು. ಎರಡು ಜಡೆ ಹಾಕಿಕೊಂಡ ನರ್ಸಬಾಯಿ, ಡಾಕ್ಟರಬಾಯಿಗಿಂತ ಜೋರಂತೆ; ಅತ್ತರೆ ಬಯ್ಯುತ್ತಿದ್ದಳಂತೆ, ಆಮೇಲೆ ಬೆಲ್ಲ ಕೊಡುತ್ತಿದ್ದಳಂತೆ. ನೀನು ಮದುವೆಗೆ ಮೊದಲು ದವಾಖಾನೆಯಲ್ಲಿದ್ದೆ ಎಂದಷ್ಟೇ ನಮಗೆ ಹೇಳಿದ್ದೆ. ಊರೂರು ತಿರುಗಿದ್ದನ್ನು ಯಾಕೆ ಹೇಳಲಿಲ್ಲ?

ಅಂದು ಮಧ್ಯಾಹ್ನ ನಾನು ಒಳಗೆ ಹತ್ತಿ ಕೂತೆ. ನೀನು ಮೊದಲು ದುರಸ್ತಿ ಮಾಡಿದ್ದು ಮಲಗುವ ಹಲಗೆಯನ್ನಲ್ಲ, ಅಡುಗೆಯ ಮೂಲೆಯನ್ನಲ್ಲ. ಔಷಧದ ಸೀಸೆಗಳು ಅಲುಗದಂತೆ ತೂತು ಕೊರೆದ ಗೂಡನ್ನು, ಖಿಡಕಿಯ ಕೆಳಗೆ ಬಂದವರು ಕೂರುವ ಬಾಕನ್ನು, ಕೈ ತೊಳೆಯುವ ಬೋಗುಣಿಯ ಜಾಗವನ್ನು. ಅಪ್ಪ ಇದನ್ನು ನಿನ್ನ ಆಟದ ಮನೆ ಎನ್ನುತ್ತಾರೆ. ನೀನು ಹಳ್ಳಿಗಳಿಗೆ ಮತ್ತೆ ಹೋಗುವ ತಯಾರಿಯಲ್ಲಿದ್ದೆ ಎಂದು ನನಗೆ ಅಲ್ಲಿ ಕೂತಾಗ ತಿಳಿಯಿತು. ಅಪ್ಪ ನಗುತ್ತಾರೆಂದು ನೀನು ಹೇಳಲಿಲ್ಲವೇನೋ. ನಾನು ಕೇಳಬಹುದಿತ್ತು. ಕೇಳುವುದು ನನಗೆ ಯಾವಾಗಲೂ ಕಷ್ಟ.

ಹೋದ ಆದಿತ್ಯವಾರ ಮೋಟಾರು ಚಾಲೂ ಆಯಿತು. ಅಪ್ಪ ನನ್ನನ್ನು ಪಕ್ಕದಲ್ಲಿ, ಗೌಸಮೊದ್ದೀನ ಕಾಕಾನನ್ನು ಹಿಂದೆ ಕೂರಿಸಿಕೊಂಡು ಹುಬ್ಬಳ್ಳಿ ರಸ್ತೆಗೆ ಹೊರಟರು. ದಾರಿಯಲ್ಲಿ, ನನ್ನ ಕಡೆ ನೋಡದೆ, ‘ಡಾಕ್ಟರಬಾಯಿ ಕಾಲಕ್ಕ ಈ ಮೋಟಾರ ಕೆಸರಾಗ ಸಿಕ್ಕಾಗ ಎಷ್ಟ ಸಲ ದೂಡೇನಿ, ದೀನಾ. ಒಳಗ ಕುಂತದ್ದು ಇವತ್ತ’ ಎಂದರು. ಅವರ ಮೇಲೆ ನಾನು ಹಿಡಿದಿದ್ದ ಸಿಟ್ಟು ಅಲ್ಲಿ ಸ್ವಲ್ಪ ಸಡಿಲಾಯಿತು. ಆ ಎರಡು ಗಾಲಿಗಳನ್ನು ಮರಳಿ ಕೇಳುವುದು ನನ್ನಿಂದ ಆಗುವುದಿಲ್ಲವೆಂದೂ ತಿಳಿಯಿತು. ನೀನೂ ಕೇಳಲಾರೆ ಎಂದುಕೊಂಡಿದ್ದೇನೆ.

ರಾಯಾಪುರದ ಹತ್ತಿರ ಇಂಜಿನ್ನು ಕುದಿದು ನಿಂತಿತು. ‘ಮಾಸ್ತರ, ಇಂಜಿನ್ನಿಗೂ ಆದಿತ್ಯವಾರ ಐತ್ರಿ’ ಎಂದು ಗೌಸಮೊದ್ದೀನ ಕಾಕಾ ನೀರು ತರಲು ಹೋದರು. ನಾವು ನಿಂತದ್ದು ಗಾಡಿ ಮಾಡುವ ಮಹಾದೇವಪ್ಪ ಎಂಬವರ ಅಂಗಳದ ಮುಂದೆ. ಅಲ್ಲಿ ಈಗಿನ ಹೊಸ ರೀತಿಯ ಟೈರಿನ ಚಕ್ಕಡಿಗಳಿದ್ದವು. ಒಂದು ಬದಿಗೆ, ಮೇಲೆ ಏನೂ ಇಲ್ಲದೆ, ಕಬ್ಬಿಣದ ಅಚ್ಚು ಮತ್ತು ಎರಡು ಟೈರು ಮಾತ್ರ ಬಿದ್ದಿದ್ದವು. ನಾನು ಅದನ್ನು ನೋಡುತ್ತ ಬಹಳ ಹೊತ್ತು ಕೂತೆ. ಆಮೇಲೆ ಇಳಿದೆ. ಅಂಗಡಿಯಲ್ಲಿ ರಿಬ್ಬನ್ನಿನ ಬೆಲೆ ಕೇಳಲು ನಿನ್ನನ್ನು ಮುಂದೆ ದೂಡುವ ನಾನು ಒಬ್ಬಳೇ ಆ ಗಂಡಸರ ನಡುವೆ ಹೋಗಿ, ಅಚ್ಚು ಗಾಲಿ ಅಷ್ಟೇ ಸಿಗುತ್ತವೆಯೇ ಎಂದು ಕೇಳಿದೆ.

‘ಮ್ಯಾಲಿನ ಗಾಡಿ ಬ್ಯಾಡೇನು ತಂಗಿ?’ ಎಂದರು ಮಹಾದೇವಪ್ಪ. ಮೇಲಿನದು ಮನೆಯಲ್ಲಿದೆ ಎಂದೆ.

‘ಎತ್ತು?’

‘ಇಲ್ರಿ.’

‘ಎತ್ತಿಲ್ಲದಾಕಿ ಗಾಲಿ ಕೊಳ್ಳಾಕ ಬಂದದ್ದು ಇದ ಮೊದಲ ನೋಡಪಾ’ ಎಂದು ಅವರು ನಕ್ಕರು. ಆಳುಗಳೂ ನಕ್ಕರು. ಆದರೂ ನಾನು ಅಲ್ಲೇ ನಿಂತಿದ್ದೆ. ಅಳತೆ ಕೇಳಿದರು, ಹೇಳಿದೆ. ಪೆಟ್ಟಿಗೆ ಸ್ವಲ್ಪ ಎತ್ತರವಾಗುತ್ತದೆ, ಹತ್ತಲು ಇನ್ನೊಂದು ಮೆಟ್ಟಿಲು ಬೇಕು ಎಂದರು. ಎರಡು ಹುಡುಗಿಯರಿಗೆ ಪಾಠ ಹೇಳಿ ಕೂಡಿಟ್ಟದ್ದು ನನ್ನ ಹತ್ತಿರವಿತ್ತು, ಅದನ್ನು ಮುಂಗಡವೆಂದು ಒಪ್ಪಿಸಿಕೊಂಡರು.

ಅಷ್ಟರಲ್ಲಿ ಅಪ್ಪ ಬಂದರು. ‘ಚಕ್ಕಡಿ ಗಾಲಿ ಹಾಕಿದ ಡಬ್ಬಿನ ನನ್ನ ಮೋಟಾರ ಎಳೀಬೇಕೇನು?’

‘ನಿಮ್ಮ ಮೋಟಾರ ಎಳೀಬೇಕಂತ ನಾ ಅಂದೇ ಇಲ್ಲಪಾ. ಅವ್ವನ ಗಾಡಿ ತಾನ ಹೋಗ್ತೈತಿ.’

ನನ್ನ ಬಾಯಿಂದ ಬಂದ ಮಾತಿಗೆ ನಾನೇ ಹೆದರಿದೆ. ಗೌಸಮೊದ್ದೀನ ಕಾಕಾ ಬಾನೆಟ್ಟಿನೊಳಗೆ ತಲೆ ಹಾಕಿ, ಇಲ್ಲದ ಕೆಲಸ ಹುಡುಕಿದರು. ಮರಳಿ ಬರುವಾಗ ಅಪ್ಪನಿಗೆ ಎಲ್ಲ ಹೇಳಿದೆ. ಉಡಚವ್ವನ ಕಣ್ಣು, ಸೀಸೆಯ ಗೂಡು, ಲಿಲಾವಿನಲ್ಲಿ ಇಳಿಯದ ನಿನ್ನ ಕೈ. ಅವರು ಮಾಳಮಡ್ಡಿಯಲ್ಲಿ ಬಾಗಿಲ ಮುಂದೆ ಮೋಟಾರು ನಿಲ್ಲಿಸಿ, ‘ಈ ವಯಸ್ಸಿನಾಗ ಒಬ್ಬಾಕಿ ಹಳ್ಳಿಗೆ ಹ್ಯಾಂಗ ಹೋಗ್ತಾಳ?’ ಎಂದರು. ಅದು ಸಿಟ್ಟಿನ ಪ್ರಶ್ನೆಯಾಗಿರಲಿಲ್ಲ, ಹೆದರಿಕೆಯದಾಗಿತ್ತು. ಅದಕ್ಕೆ ಉತ್ತರ ಸಿಗದೆಯೇ ಅವರು ನಿನ್ನೆ ಶಾಂತಯ್ಯನ ಮಾತು ತೆಗೆದದ್ದು.

ಶನಿವಾರ ಮಹಾದೇವಪ್ಪ ಅಚ್ಚು ತಂದು ತಾವೇ ಜೋಡಿಸಿ, ನೊಗ ಕಟ್ಟಿಕೊಡುತ್ತಾರೆ. ನಿನ್ನ ಹೂಂ ಅದಕ್ಕೆ ಮೊದಲು ಬಂದರೆ ಅಚ್ಚು ಮರಳಿ ಹೋಗುತ್ತದೆ, ಗಾಲಿಮನೆಯಲ್ಲಿ ಹಿಂಡಿಯ ಚೀಲ ತುಂಬುತ್ತದೆ. ಎತ್ತಿನ ಚಿಂತೆ ಬೇಡ. ‘ನಮ್ಮ ಎತ್ತು ಸೋಮವಾರ ಒಂದ ಬಿಟ್ಟು ಯಾವಾಗರೆ ಕಟ್ರಿ. ಸೋಮವಾರ ಬಸವಣ್ಣಂದು, ಉಳಿದದ್ದು ನಿಮ್ಮವ್ವಂದು’ ಎಂದು ಉಡಚವ್ವ ಹೇಳಿದ್ದಾಳೆ. ಹೊಡೆಯಲು ಅವಳ ಗಂಡ ಬರುತ್ತಾನೆ. ನೀನು ಬಿಟ್ಟುಹೋದ ಬಣ್ಣದ ಕೆಲಸವನ್ನು ನಾನು ಹಿಡಿದಿದ್ದೇನೆ. ಎಡಗಡೆಯದು ಮುಗಿಯಿತು, ಒಂದೆರಡು ಕಡೆ ಬಣ್ಣ ಸೋರಿದೆ, ಬಯ್ಯಬೇಡ.

ಅಪ್ಪ ಹೇಳಿದ್ದನ್ನು ಬರೆದಿದ್ದೇನೆ. ಆದರೆ ಹೂಂ ಎನ್ನಬೇಡ ಅವ್ವ. ಅಪ್ಪನಿಗೋಸ್ಕರ ಬಾ ಎಂದು ನಾನು ಕರೆಯುವುದಿಲ್ಲ. ಅವರು ತಾವೇ ಕರೆಯಬೇಕು, ಕಲಿಯುತ್ತಾರೆ. ನಿನ್ನ ಗಾಡಿ ನಿನ್ನ ಗಾಲಿಗಳ ಮೇಲೆ ನಿಂತಿರುತ್ತದೆ, ಅದಕ್ಕೋಸ್ಕರ ಬಾ.

ಮಾವನಿಗೆ, ಅತ್ತಿಗೆ ನಮಸ್ಕಾರ ತಿಳಿಸು. ಕೂಸಿಗೆ ಒಂದು ಮುತ್ತು.

ನಿನ್ನ ಮಗಳು,
ದೀನಾ

ತಾ.ಕ.: ಮೇಲಿನದನ್ನು ಬರೆದು ಮುಗಿಸಿದಾಗ ಶಾಂತಯ್ಯ ಅಳತೆಯ ಟೇಪು ಹಿಡಿದುಕೊಂಡು ಬಂದ. ಅಪ್ಪ ಸಭೆಯ ಕಮಿಟಿಗೆ ಹೋಗಿದ್ದರು. ಯಾರಾದರೂ ಬಂದರೆ ನಾನು ಬಾಗಿಲ ಹಿಂದಿನಿಂದ ಮಾತಾಡುವವಳೆಂದು ನಿನಗೆ ಗೊತ್ತು. ಇಂದು ಅಂಗಳಕ್ಕೆ ಇಳಿದು ಹೋಗಿ, ಇದು ಮಾರುವುದಲ್ಲ, ಮುಂದಿನ ವಾರದಿಂದ ಹಳ್ಳಿಗೆ ಹೋಗುತ್ತದೆ ಎಂದೆ. ಅಪ್ಪನಿಗೆ ಇದು ಇನ್ನೂ ಗೊತ್ತಿಲ್ಲ, ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳುತ್ತೇನೆ. ಶಾಂತಯ್ಯ ಟೇಪು ಸುತ್ತಿಕೊಳ್ಳುತ್ತ, ಇದರಲ್ಲಿ ಯಾರು ಹೋಗುವವರು ಎಂದು ಕೇಳಿದ. ನಮ್ಮವ್ವ ಮತ್ತು ನಾನು ಎಂದೆ.