ಮುತ್ತಜ್ಜನ ಮಣ್ಣಿಗೆ ಸಾಕ್ಷಿ

ಪ್ಲಮ್ ಕ್ರೀಕ್, ಇಂಡಿಯಾನಾ
೧೮ ಮೇ ೧೯೫೮, ಭಾನುವಾರ

ಪ್ರೀತಿಯ ಜೆರೂಶಾ ಅಕ್ಕಾ,

ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ಇಳಿಯಿತೇ? ನಾನು ಕಾಲ ಮೇಲೆ ನಿಂತಿದ್ದೇನೆ, ಅಷ್ಟೆ.

ಹೆದ್ದಾರಿಯವರು ಮಾತು ಕೊಟ್ಟಿದ್ದರು, ರಸ್ತೆ ನಮ್ಮ ಕರಿಯರ ಸ್ಮಶಾನವನ್ನು ಸುತ್ತಿಕೊಂಡು ಹೋಗುತ್ತದೆ ಎಂದು. ಹೋಗುವುದಿಲ್ಲ. ಸುತ್ತಿಕೊಂಡು ಹೋಗಲಾಗದಿದ್ದರೆ ಹೊಸ ಪೆಟ್ಟಿಗೆಗಳಲ್ಲಿ ಅಸ್ಥಿಗಳನ್ನು ಚರ್ಚಿನ ಹಿತ್ತಲಿಗೆ ಸಾಗಿಸುತ್ತೇವೆ ಎಂದಿದ್ದರು. ಅದೂ ಇಲ್ಲ. ಆಚೆ ದಿಬ್ಬದ ಬಿಳಿಯರ ಸ್ಮಶಾನಕ್ಕಾಗಿ ರಸ್ತೆಯನ್ನೇ ಬಾಗಿಸಿದರು. ಬಾಗಿದ ರಸ್ತೆ ನೇರ ನಮ್ಮವರ ಎದೆಯ ಮೇಲೆ ಬಂದಿದೆ. ಅಲ್ಲಿ ಯಾರನ್ನೂ ಹೂಳಿಲ್ಲವಂತೆ. ಜೂನ್ ಮೊದಲ ವಾರ ಯಂತ್ರ ಇಳಿಯುತ್ತದೆ.

ಯಾರೂ ಇಲ್ಲವಂತೆ! ಕ್ಯಾರೊಲಿನಾದಿಂದ ನಡೆದು ಬಂದು, ಈ ಕಾಡು ಕಡಿದು, ಇಲ್ಲಿ ಮೊದಲ ಜೋಳ ಬಿತ್ತಿದ ರ್‍ಯಾನ್ಸಮ್ ಟಾಲಿವರ್ ಯಾರೂ ಅಲ್ಲವೇ? ಚಳಿಗಾಲವೆಲ್ಲ ಮುತ್ತಜ್ಜನನ್ನು ಇಲ್ಲಿ ಹೂಳಿದ್ದಕ್ಕೆ ಸಾಕ್ಷಿ ಹುಡುಕಿ ಅಲೆದೆ. ಕೋರ್ಟಿನ ದಾಖಲೆಗಳಲ್ಲಿ ಆ ಕಾಲದ ಬಿಳಿಯರ ಎತ್ತಿಗೂ ಗುರುತಿದೆ, ನಮ್ಮವರ ಸಾವಿಗಿಲ್ಲ. ಅವನ ದೊಡ್ಡ ಮಗ ಐಶಮನ ಕವಲು ಕಾನ್ಸಸ್ಸಿನಲ್ಲಿ ಮುಗಿದುಹೋಗಿದೆ. ಮಗಳು ಪೆಗ್ಗಿ ಅಜ್ಜಿಯ ಮಕ್ಕಳು ಷಿಕಾಗೋದಲ್ಲಿ ಒಬ್ಬರೂ ಉಳಿದಿಲ್ಲ. ಅವನನ್ನು ಮಣ್ಣುಮಾಡಿದ್ದನ್ನು ಕಂಡಿದ್ದ ಲವೀ ಚಿಕ್ಕಮ್ಮ ಮಾರ್ಚಿನಲ್ಲಿ ತೀರಿಕೊಂಡಳು.

ನಮ್ಮವರು ಕಲ್ಲು ನೆಟ್ಟವರಲ್ಲ. ಸತ್ತವರ ತಲೆದೆಸೆಗೆ ಪಿಯೋನಿ ಹೂವಿನ ಗಡ್ಡೆ ನೆಟ್ಟವರು. ಜಮೀನು ಕೈಬಿಟ್ಟ ವರ್ಷ ಅಮ್ಮ, ಪರರ ನೇಗಿಲಿಗೆ ಸಿಗಬಾರದೆಂದು, ಅಷ್ಟೂ ಗಡ್ಡೆ ಅಗೆದು ಮನೆಗೆ ತಂದಳು. ಪ್ರೀತಿಯಿಂದ ಮಾಡಿದ ಆ ಕೆಲಸವೇ ನಮ್ಮವರ ಗುರುತನ್ನು ಅಳಿಸಿತು. ಕಳೆದ ಸಭೆಯಲ್ಲಿ ಇದನ್ನು ಹೇಳಿದೆ. ರಸ್ತೆ ಅಧಿಕಾರಿ ಹಲ್ಲು ಕಿರಿದ: "ಏನಮ್ಮಾ, ಗಿಡ ನಿನ್ ಮನೆ ಬಾಗಿಲಲ್ಲಿದ್ರೆ ನಿಮ್ಮಜ್ಜನೂ ಅಲ್ಲೇ ಇರ್ಬೇಕಲ್ಲ? ಅಗೆದು ನೋಡು!" ಸಭೆಯೆಲ್ಲ ನಕ್ಕಿತು. ನಾನೂ ಬಿಡಲಿಲ್ಲ: "ನಿಮ್ಮಜ್ಜ ಹಸಿದು ಬಂದಾಗ ಹಂದಿಮಾಂಸ ಕೊಟ್ಟು ಸಾಕಿದೋನು ಸ್ವಾಮಿ ಅವನು. ನಾಲಿಗೆ ಬಿಗಿಹಿಡೀರಿ." ನಗು ನಿಂತಿತು. ಆದರೆ ಅಧಿಕಾರಿಗಳ ಹಟ ನಿಲ್ಲಲಿಲ್ಲ. ಹೂಳಿದ್ದನ್ನು ಕಣ್ಣಾರೆ ಕಂಡವರು ಬಂದು ಪ್ರಮಾಣ ಮಾಡಲಿ, ಬರೆದುಕೊಟ್ಟ ಕಾಗದ ನಡೆಯದು ಎಂದರು. ಹೊರಗೆ ನಮ್ಮ ಪಾದ್ರಿ ಎಲ್ಬರ್ಟಣ್ಣ ನನ್ನ ಭುಜ ಹಿಡಿದು, "ಬಾಯಿ ಮುಚ್ಕೋ ಅಂತ ನಾನೇ ಎಷ್ಟ್ ಸಲ ಬೈದಿದೀನಿ ಅರ್ಡೆಲಾ. ಈಗ ಮುಚ್ಚಿದ್ರೆ ನೋಡು!" ಎಂದ. ಅಕ್ಕಾ, ನನಗೆ ದಾರಿ ತೋಚುತ್ತಿಲ್ಲ. ಉಣ್ಣಲು ಕೂತರೆ ಯಂತ್ರದ ಹಲ್ಲು ಕಾಣುತ್ತದೆ.

ಮೊಮ್ಮಕ್ಕಳಿಗೆ, ನಾನು ಯಾರೆಂದು ಗೊತ್ತಿಲ್ಲದಿದ್ದರೂ, ನನ್ನ ಮುತ್ತು. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಅರ್ಡೆಲಾ

ತಾ.ಕ.: ಸೋಮವಾರ ಬೆಳಗ್ಗೆ. ಟಪಾಲಿನವನು ಬರುವ ಹೊತ್ತು, ಸುತ್ತಿ ಬಳಸದೆ ಬರೆಯುತ್ತೇನೆ. ಮುತ್ತಜ್ಜನನ್ನು ಹೂಳಿದ್ದನ್ನು ಕಂಡವರಲ್ಲಿ ಉಳಿದವಳು ನೀನೊಬ್ಬಳೇ. ಆಗ ನಿನಗೆ ಎಂಟು ವರ್ಷ, ಅಪ್ಪನ ಕೈ ಹಿಡಿದು ಗುಂಡಿಯ ಅಂಚಿನಲ್ಲಿ ನಿಂತಿದ್ದೆ. ತಿಳಿಯಾದ ಮೈಬಣ್ಣ ನಂಬಿ ನೀನು ಬಿಳಿಯರ ನಡುವೆ ಬಿಳಿಯಳಾಗಿ ಬದುಕು ಕಟ್ಟಿಕೊಂಡೆ. ಅಮ್ಮ ಒಮ್ಮೆಯೂ ಹಳಿಯಲಿಲ್ಲ, ನಾನೂ ಹಳಿಯುವುದಿಲ್ಲ. ಬಂದು ಬಾಯಿ ಬಿಟ್ಟರೆ ಭಾವನಿಗೆ, ಮಕ್ಕಳಿಗೆ, ನಿನ್ನ ಬೀದಿಗೆಲ್ಲ ಗೊತ್ತಾಗುತ್ತದೆ. ಗೊತ್ತಿದ್ದೇ ಕೇಳುತ್ತಿದ್ದೇನೆ. ನೀನು ಬಾರದಿದ್ದರೆ ನಾನೊಬ್ಬಳೇ ಯಂತ್ರದ ಮುಂದೆ ಮಲಗುತ್ತೇನೆ, ಎಳೆದು ಬಿಸಾಕುತ್ತಾರೆ. ಕೋರ್ಟಿನ ಮೇಲಂತಸ್ತಿನಲ್ಲಿ ನಡೆಯುವ ಮುಂದಿನ ಸಭೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಯಾರನ್ನೂ ಕೂರಗೊಡುವುದಿಲ್ಲ. ಮೇ ಇಪ್ಪತ್ತೇಳು, ಮಂಗಳವಾರ, ಸಂಜೆ ಏಳು ಗಂಟೆ.